ಉಪ್ಪಿನ ಗಣಿಯ ಮೇಲೊಂದು ಮಠ-ರಾಜ್ಯ

ಮಠದ ಯಜಮಾನರೇ ದೊರೆ, ಮಠವೇ ಸರ್ಕಾರ. ಹಳೇ ಜರ್ಮನಿಯಲ್ಲಿ ಇಂಥ ಪುಟ್ಟ ರಾಜ್ಯಗಳು ಹತ್ತಾರು ಇದ್ದವು. ಅವುಗಳಲ್ಲಿ ನಾವು ಆರಿಸಿಕೊಂಡಿದ್ದು ಆಲ್ಪ್ಸ್ ಮೂಲೆಯ ಬೆರ್ಖ್ಟೆಸ್‌ಗಾಡನ್. ಕಾರಣ ಇಷ್ಟೇ: ಇದರ ಕಥೆ ಅರ್ಧ ಇತಿಹಾಸ, ಅರ್ಧ ಫ್ಲೂಯಿಡ್ ಮೆಕ್ಯಾನಿಕ್ಸ್!

12ನೇ ಶತಮಾನದ ಆರಂಭದಲ್ಲಿ ಅಗಸ್ಟೀನ್ ಪಂಥದ ಕ್ರೈಸ್ತ ಸನ್ಯಾಸಿಗಳು ಇಲ್ಲಿ ಮಠ ಕಟ್ಟಿದರು. ಸುತ್ತಲೂ ಬೆಟ್ಟ, ಕಾಡು, ಹಿಮ. ಬೇಸಾಯ ಅಷ್ಟಕ್ಕಷ್ಟೇ. ಆದರೆ ಬೆಟ್ಟದ ಹೊಟ್ಟೆಯಲ್ಲಿ ಉಪ್ಪಿತ್ತು. 1517ರಲ್ಲಿ ಶುರುವಾದ ಗಣಿ ಇವತ್ತಿಗೂ ನಡೀತಿದೆ. 1559ರ ಹೊತ್ತಿಗೆ ಮಠಾಧಿಪತಿಗೆ ಸಾಮ್ರಾಜ್ಯದ ರಾಜಪದವಿಯೂ ಸಿಕ್ಕಿತು.

ಉಪ್ಪು ತೆಗೆಯೋ ವಿಧಾನ ಜಾಣತನದ್ದು. ಬಂಡೆಯೊಳಗೆ ಕೋಣೆ ಕೊರೆದು ಸಿಹಿನೀರು ತುಂಬಿಸ್ತಾರೆ. ಉಪ್ಪು ಕರಗುತ್ತೆ, ಮಣ್ಣು ತಳ ಸೇರುತ್ತೆ. ಸುಮಾರು ಶೇ. 26ರಷ್ಟು ಉಪ್ಪಿರುವ ಆ ನೀರನ್ನು ಹೊರಗೆ ತಂದು, ದೊಡ್ಡ ಬಾಣಲೆಗಳಲ್ಲಿ ಕಾಯಿಸಿದರೆ ಉಪ್ಪು ರೆಡಿ. ಆದರೆ ಕಾಯಿಸೋಕೆ ಸೌದೆ ಬೇಕು, ರಾಶಿಗಟ್ಟಲೆ. ಈ ತಲೆನೋವು ಕೊನೆಗೆ ಮತ್ತೆ ಬರುತ್ತೆ.

ಅಕ್ಕಪಕ್ಕದ ಸಾಲ್ಜ್‌ಬರ್ಗ್, ಬವೇರಿಯಾ ಎರಡಕ್ಕೂ ಉಪ್ಪಿನ ವ್ಯಾಪಾರವಿತ್ತು, ಈ ಗಣಿಯ ಮೇಲೆ ಕಣ್ಣೂ ಇತ್ತು. 1611ರಲ್ಲಿ ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್ ವುಲ್ಫ್ ಡೀಟ್ರಿಖ್ ಸೈನ್ಯ ನುಗ್ಗಿಸಿ ಬೆರ್ಖ್ಟೆಸ್‌ಗಾಡನ್ ಹಿಡಿದ. ಆಗ ಮಠದ ಗಾದಿ ಬವೇರಿಯಾ ರಾಜಮನೆತನದವರ ಕೈಲಿತ್ತು. ಡ್ಯೂಕ್ ಮ್ಯಾಕ್ಸಿಮಿಲಿಯನ್ ಸುಮ್ಮನಿರ್ತಾನಾ? ಓಡಿಹೋದ ಆರ್ಚ್‌ಬಿಷಪ್ಪನನ್ನು ಹಿಡಿಸಿದ. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ, ವುಲ್ಫ್ ಡೀಟ್ರಿಖ್ 1617ರಲ್ಲಿ ಸಾಯೋವರೆಗೂ ತನ್ನದೇ ಕೋಟೆಯಲ್ಲಿ ಸೆರೆಯಾಳು.

ಎಲ್ಲರೂ ಗಣಿ ನೋಡ್ತಿದ್ದರು, ಗಣಿಯ ಜನರನ್ನು ನೋಡಿದವರು ಕಡಿಮೆ. 1733ರ ಹೊತ್ತಿಗೆ, ಪ್ರಾಟೆಸ್ಟೆಂಟ್ ನಂಬಿಕೆ ಬಿಡಲೊಲ್ಲದ ಸುಮಾರು ಸಾವಿರ ಮಂದಿ ಊರು ಬಿಡಬೇಕಾಯ್ತು. ಈ ಅಂಗೈಯಗಲದ ರಾಜ್ಯಕ್ಕೆ ಅದು ಸಣ್ಣ ಸಂಖ್ಯೆಯಲ್ಲ.

ಫ್ರೆಂಚ್ ಕ್ರಾಂತಿಯ ಯುದ್ಧಗಳಲ್ಲಿ ರೈನ್ ನದಿಯಾಚೆ ಜಮೀನು ಕಳೆದುಕೊಂಡ ದೊರೆಗಳಿಗೆ ಪರಿಹಾರವಾಗಿ ಚರ್ಚಿನ ರಾಜ್ಯಗಳನ್ನು ಹಂಚಲಾಯಿತು. 1803ರಲ್ಲಿ ಬೆರ್ಖ್ಟೆಸ್‌ಗಾಡನ್ನಿನ ಸ್ವಂತ ಆಳ್ವಿಕೆ ಮುಗೀತು. ಮೊದಲು ಸಾಲ್ಜ್‌ಬರ್ಗ್ ಜೊತೆ, ಆಮೇಲೆ ಆಸ್ಟ್ರಿಯಾ, 1810ರಲ್ಲಿ ಬವೇರಿಯಾ.

ಈಗ ಸೌದೆಯ ವಿಷಯ. ಉಪ್ಪುನೀರನ್ನು ರೈಖೆನ್‌ಹಾಲ್ ಊರಿಗೆ ಕಳಿಸಿ ಅಲ್ಲೇ ಕಾಯಿಸೋಣ ಅಂತಾಯ್ತು. ನಡುವೆ ಬೆಟ್ಟ! ಗಿಯಾರ್ಗ್ ಫಾನ್ ರೈಖೆನ್‌ಬಾಖ್ 1817ರಲ್ಲಿ ಇಲ್ಸಾಂಗ್ ಎಂಬಲ್ಲಿ ಪಂಪು ಕೂರಿಸಿದ. ಮೇಲಿಂದ ಬೀಳುವ ಸಿಹಿನೀರಿನ ಒತ್ತಡವೇ ಪಿಸ್ಟನ್ ತಳ್ಳುತ್ತೆ, ಆ ಪಿಸ್ಟನ್ ಉಪ್ಪುನೀರನ್ನು ಎತ್ತುತ್ತೆ. ಕಲ್ಲಿದ್ದಲು ಬೇಡ, ಹಬೆ ಬೇಡ. ಒಂದೇ ಏಟಿಗೆ 356 ಮೀಟರ್! ಉಪ್ಪುನೀರಿನ ಸಾಂದ್ರತೆ 1.2 ಅಂತ ಹಿಡಿದು ನಾವು ಲೆಕ್ಕ ಹಾಕಿದೆವು, ಸುಮಾರು 42 ಬಾರ್ ಒತ್ತಡ ಬಂತು. 1817ರ ಎರಕದಲ್ಲಿ, 1817ರ ಕೊಳವೆಯಲ್ಲಿ.

ಆ ಪಂಪು 1927ರವರೆಗೂ ಕೆಲಸ ಮಾಡಿತು. ಈಗ ಗಣಿಯೊಳಗೆ ಪ್ರವಾಸಿಗರಿಗೆ ನೋಡಲು ಇಟ್ಟಿದ್ದಾರೆ.