ಚರ್ಚಿನ ಅಂಗಳಕ್ಕೆ ಗುದ್ದಲಿ ಬೀಳುವಾಗ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಎಂಟುನೂರು, ಒಂಬೈನೂರು ವರ್ಷ ಹಳೆಯ ಚರ್ಚುಗಳಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಚರ್ಚ್ ಆಫ್ ಇಂಗ್ಲೆಂಡ್‌ಗೆ ಸೇರಿದ ಸುಮಾರು 16,000 ಚರ್ಚುಗಳಲ್ಲಿ 12,000ಕ್ಕೂ ಹೆಚ್ಚು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿವೆ. ಜನ ಬಂದುಹೋಗುವ ಕಟ್ಟಡವೆಂದ ಮೇಲೆ ಶೌಚಾಲಯ, ಚರಂಡಿ, ವಿದ್ಯುತ್ ಕೇಬಲ್, ಗಾಲಿಕುರ್ಚಿ ಸಾಗುವ ದಾರಿ ಎಲ್ಲವೂ ಬೇಕು. ಅದಕ್ಕೆಲ್ಲ ಅಂಗಳ ಅಗೆಯಬೇಕು. ಅಂಗಳದ ತುಂಬ ಸಮಾಧಿಗಳಿವೆ. ಕಲ್ಲು ನೆಟ್ಟವು ಕೆಲವು. ಗುರುತೇ ಉಳಿಯದವು ಅವಕ್ಕಿಂತ ಎಷ್ಟೋ ಹೆಚ್ಚು.

ಹಳೆಯ ಚರ್ಚಿನ ಗೋಡೆ ತೇವ ಹಿಡಿಯುವುದಕ್ಕೂ ಈ ಸಮಾಧಿಗಳಿಗೂ ನಂಟಿದೆ. ಶತಮಾನಗಟ್ಟಲೆ ಒಂದೇ ಜಾಗದಲ್ಲಿ ಹೂಳುತ್ತ ಬಂದದ್ದರಿಂದ ಅಂಗಳದ ಮಟ್ಟ ಏರಿ, ಮಣ್ಣು ಗೋಡೆಗೆ ಒತ್ತಿಕೊಂಡಿರುತ್ತದೆ. ನೀರು ಬಸಿದುಹೋಗಲೆಂದು ಗೋಡೆಯ ಬುಡದಲ್ಲಿ ಕಾಲುವೆ ತೋಡಿದರೆ ಎದುರಾಗುವುದು ಇದೇ ಮಣ್ಣು. ಚರ್ಚಿನ ಹಳೆಯ ತಳಪಾಯಗಳೂ ಅಲ್ಲೇ ಇರುತ್ತವೆ.

ಅಗೆಯುವ ಮೊದಲು

ಚರ್ಚ್ ಆಫ್ ಇಂಗ್ಲೆಂಡ್‌ನ ಅಂಗಳದಲ್ಲಿ ಇಂಥ ಕೆಲಸಕ್ಕೆ ‘ಫ್ಯಾಕಲ್ಟಿ’ ಎಂಬ ಅನುಮತಿ ಬೇಕು. ಅದನ್ನು ಕೊಡುವವರು ಧರ್ಮಪ್ರಾಂತ್ಯದ ಚಾನ್ಸಲರ್. ಇವರು ಚರ್ಚಿನ ನ್ಯಾಯಾಲಯದ ನ್ಯಾಯಾಧೀಶರು. ಅವರಿಗೆ ನೆರವಾಗುವ ಸಲಹಾ ಸಮಿತಿಯ ಪುರಾತತ್ವ ಸಲಹೆಗಾರರು ನಕ್ಷೆ ಹರಡಿಕೊಂಡು ಕೇಳುವ ಪ್ರಶ್ನೆಗಳು ಸರಳವಾದವು. ಪೈಪನ್ನು ಬೇರೆ ಕಡೆಯಿಂದ ಒಯ್ಯಬಹುದೆ? ವಿಕ್ಟೋರಿಯಾ ಕಾಲದಲ್ಲಿ ತೋಡಿದ ಹಳೆಯ ಚರಂಡಿಯ ಜಾಡಿನಲ್ಲೇ ಹಾಕಬಹುದೆ? ಇಷ್ಟು ಆಳ ಬೇಕೆ? ಶೌಚಾಲಯದ ನೀರಿಗಾಗಿ ಅನೇಕ ಹಳ್ಳಿ ಚರ್ಚುಗಳು ‘ಟ್ರೆಂಚ್ ಆರ್ಚ್’ ವ್ಯವಸ್ಥೆಯನ್ನು ಒಪ್ಪಿಕೊಂಡಿರುವುದೂ ಇದೇ ಕಾರಣಕ್ಕೆ. ಅದು ನೆಲದ ಮೇಲ್ಪದರದಲ್ಲೇ ನೀರು ಇಂಗಿಸುವುದರಿಂದ ಸಮಾಧಿಗಳ ಆಳಕ್ಕೆ ಇಳಿಯಬೇಕಾದ ಪ್ರಸಂಗ ಕಡಿಮೆ. ಅಂಗಳ ಉಳಿಯುವುದೂ ಕೆಡುವುದೂ ಬಹುಮಟ್ಟಿಗೆ ಈ ಹಂತದಲ್ಲೇ ತೀರ್ಮಾನವಾಗುತ್ತದೆ.

ಅಗೆಯುವ ದಿನ

ತಪ್ಪಿಸಲಾಗದ ಅಗೆತಕ್ಕೆ ಪುರಾತತ್ವಜ್ಞರ ಕಾವಲು. ಇದನ್ನು ‘ವಾಚಿಂಗ್ ಬ್ರೀಫ್’ ಎನ್ನುತ್ತಾರೆ. ಏನು, ಎಲ್ಲಿ, ಹೇಗೆ ನೋಡಬೇಕೆಂಬ ಲಿಖಿತ ಯೋಜನೆ ಮೊದಲೇ ಸಿದ್ಧವಿರುತ್ತದೆ. ಯಂತ್ರದ ಬಕೆಟ್‌ಗೆ ಹಲ್ಲಿರಬಾರದು. ನೇರ ಅಂಚಿನ ಬಕೆಟ್ ಮಣ್ಣನ್ನು ತೆಳುವಾಗಿ ಹೆರೆಯುತ್ತ ಹೋದರೆ ಬಣ್ಣದ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಮಣ್ಣಿನಲ್ಲಿ ಉದ್ದನೆಯ ಕಪ್ಪು ಅಂಚು ಮೂಡಿದರೆ ಅದು ಸಮಾಧಿಯ ಗುಂಡಿ ಇರಬಹುದು. ಪುರಾತತ್ವಜ್ಞರು ಕೈ ಎತ್ತಿದರೆ ಯಂತ್ರ ನಿಲ್ಲಬೇಕು. ಆಮೇಲಿನ ಕೆಲಸ ಕರಣೆಯದು.

ಬಿಡಿ ಮೂಳೆಗಳು ಸಿಗುವುದು ಮಾಮೂಲು. ಹೊಸ ಗುಂಡಿ ತೋಡುವಾಗಲೆಲ್ಲ ಹಳೆಯದು ಕದಡಿರುತ್ತದೆ. ಅವನ್ನು ಆಯ್ದು, ಜೋಪಾನವಾಗಿಟ್ಟು, ಅದೇ ಅಂಗಳದಲ್ಲಿ ಮತ್ತೆ ಹೂಳುತ್ತಾರೆ. ಪೂರ್ತಿ ಅಸ್ಥಿಪಂಜರ ಕಂಡರೆ ಅದನ್ನು ದಾರಿಹೋಕರ ಕಣ್ಣಿಗೆ ಬೀಳದಂತೆ ಮರೆಮಾಡಿ, ಆದಷ್ಟು ಇದ್ದಲ್ಲೇ ಬಿಡುವ ಪ್ರಯತ್ನ ಮಾಡುತ್ತಾರೆ. ಬೇರೆ ದಾರಿಯೇ ಇಲ್ಲದಿದ್ದರೆ ದಾಖಲಿಸಿ ಎತ್ತುತ್ತಾರೆ. ಸಾಮಾನ್ಯವಾಗಿ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಪಕ್ಕೆಲುಬಿನ ಮೇಲೊಂದು ಹಸಿರು ಕಲೆ ಇದ್ದರೆ, ಶವವಸ್ತ್ರಕ್ಕೆ ಚುಚ್ಚಿದ್ದ ತಾಮ್ರಮಿಶ್ರಿತ ಗುಂಡುಪಿನ್ನು ಕಿಲುಬು ಹಿಡಿದು ಉಳಿಸಿಹೋದ ಗುರುತು ಅದಾಗಿರಬಹುದು. ಬಟ್ಟೆ ಕರಗಿದ ಮೇಲೂ ಯಾರೋ ಒಬ್ಬರು ಆಸ್ಥೆಯಿಂದ ಸುತ್ತಿ ಕಳಿಸಿದ್ದಕ್ಕೆ ಅದು ಸಾಕ್ಷಿ.

ಪ್ರತಿ ಪದರಕ್ಕೂ ಒಂದು ಸಂಖ್ಯೆ, ಅಳತೆಕೋಲು ಇಟ್ಟು ತೆಗೆದ ಚಿತ್ರ, 1:20ರ ನಕ್ಷೆ, 1:10ರ ಅಡ್ಡಕೊಯ್ತದ ಚಿತ್ರ, ಸಮುದ್ರಮಟ್ಟದಿಂದ ಎತ್ತರ ಇವಿಷ್ಟೂ ದಾಖಲಾಗಬೇಕು. ಬೋಕಿ ಚೂರು, ಮಣ್ಣಿನ ಚುಟ್ಟಾಕೊಳವೆ, ಕಿಟಕಿ ಗಾಜು, ಶವಪೆಟ್ಟಿಗೆಯ ಮೊಳೆ ಕಾಲ ಗುರುತಿಸಲು ನೆರವಾಗುತ್ತವೆ.

ವರದಿಯ ಬೆಲೆ

ಚರ್ಚಿನ ನೆಲ ಎಷ್ಟು ಹೇಳಬಲ್ಲದೆಂಬುದು ಪೂರ್ಣಪ್ರಮಾಣದ ಉತ್ಖನನಗಳಿಂದ ಗೊತ್ತಾಗಿದೆ. ಯಾರ್ಕ್‌ಶೈರಿನ ಪಾಳುಹಳ್ಳಿ ವಾರಮ್ ಪರ್ಸಿಯ ಚರ್ಚಿನಲ್ಲೂ ಅಂಗಳದಲ್ಲೂ ಸಿಕ್ಕ ಸುಮಾರು 700 ಅಸ್ಥಿಪಂಜರಗಳು ಮಧ್ಯಯುಗದ ರೈತಾಪಿ ಜನರ ಕಾಯಿಲೆ, ಆಹಾರ, ಬೆಳವಣಿಗೆಗಳನ್ನು ತಿಳಿಸಿದವು. ಎಸೆಕ್ಸಿನ ರಿವನ್‌ಹಾಲ್‌ನಲ್ಲಿ, ನೋಡಲು ಹತ್ತೊಂಬತ್ತನೆಯ ಶತಮಾನದ್ದೆನಿಸುತ್ತಿದ್ದ ಚರ್ಚಿನ ಗಾರೆಯ ಹಿಂದೆ ಆಂಗ್ಲೋ-ಸ್ಯಾಕ್ಸನ್ ಗೋಡೆಗಳೇ ಇದ್ದದ್ದು 1970ರ ದಶಕದಲ್ಲಿ ವಾರ್ವಿಕ್ ಮತ್ತು ಕರ್ಸ್ಟಿ ರಾಡ್‌ವೆಲ್ ಅವರ ಅಧ್ಯಯನದಿಂದ ಬೆಳಕಿಗೆ ಬಂತು.

ಮೊಳದಗಲದ ಕಾಲುವೆ ಇಷ್ಟನ್ನು ಹೇಳಲಾರದು. ಆದರೆ ಅದರ ವರದಿ ಕೌಂಟಿಯ ಪಾರಂಪರಿಕ ದಾಖಲೆ ಸಂಗ್ರಹ ಸೇರುತ್ತದೆ, ಮುಂದೆ ಅಲ್ಲಿ ಅಗೆಯುವವರೆಲ್ಲ ಅದನ್ನು ಓದುತ್ತಾರೆ. ‘ಇಲ್ಲಿ ಏನೂ ಸಿಗಲಿಲ್ಲ, ನೆಲ ಹಿಂದೆಯೇ ಕದಡಿದೆ’ ಎಂಬ ಒಂದು ಸಾಲಿಗೂ ಬೆಲೆಯಿದೆ: ಮುಂದಿನ ಪೈಪು ಎಲ್ಲಿ ಹಾದುಹೋಗಬಹುದೆಂಬುದನ್ನು ಅದು ತೋರಿಸಿಕೊಡುತ್ತದೆ. ಹಾಗಾಗಿ ಖರ್ಚು ಉಳಿಸಲೆಂದು ಕಾವಲನ್ನು ಕೈಬಿಡುವ ಊರು, ಮುಂದಿನ ಸಲವೂ ಕತ್ತಲಲ್ಲೇ ಅಗೆಯಬೇಕಾಗುತ್ತದೆ.