ಪಹಣಿಯ ‘ಖರಾಬು’ ಓದುವುದು ಹೇಗೆ?

ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ, ಅಂದರೆ 1,089 ಚದರ ಅಡಿಯೇ, ಒಂದು ಗುಂಟೆ. ಇಷ್ಟು ಲೆಕ್ಕ ಹಳ್ಳಿಗರಿಗೆ ಬಾಯಿಪಾಠ.

ತೊಡಕಿರುವುದು ಪಹಣಿಯ ‘ಖರಾಬು’ ಅಂಕಣದಲ್ಲಿ. ಸರ್ವೆ ಕಾಲದಲ್ಲಿ ಕಂದಾಯ ವಿಧಿಸದೆ ಬಿಟ್ಟ ನೆಲವಿದು. ಬೇಸಾಯಕ್ಕೆ ಒಗ್ಗದ ಬಂಡೆ, ಕಣ, ಹೊಲದ ಮನೆಯ ಜಾಗ ‘ಅ’ ಖರಾಬು; ಅದು ಹಿಡುವಳಿದಾರನದೇ. ಬಂಡಿದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ ‘ಬ’ ಖರಾಬು. ಇದನ್ನು ಮಾರುವ ಹಕ್ಕು ರೈತನಿಗಿಲ್ಲ.

ಒಟ್ಟು 2 ಎಕರೆಯ ಪಹಣಿಯಲ್ಲಿ 6 ಗುಂಟೆ ‘ಬ’ ಖರಾಬಿದ್ದರೆ ಕೊಂಡವರಿಗೆ ದಕ್ಕುವುದು 1 ಎಕರೆ 34 ಗುಂಟೆ ಮಾತ್ರ.

ಬೆವರು ಸುರಿಸಿ ಕೂಡಿಟ್ಟ ದುಡ್ಡು ಹೀಗೆ ಕೈಜಾರಬಾರದು. ಕ್ರಯಕ್ಕೆ ಮುನ್ನ ಪಹಣಿಯ ಜೊತೆಗೆ ಆಕಾರಬಂದ್ (ವಿಸ್ತೀರ್ಣ, ಖರಾಬು, ಕಂದಾಯ ತೋರಿಸುವ ಸರ್ವೆ ದಾಖಲೆ), ಸರ್ವೆ ನಕ್ಷೆಗಳನ್ನೂ ತರಿಸಿ ನೋಡಿ.