ಇಸುಬಿಗೆ ಹೊಸ ಮದ್ದು: ನಂಬುವ ಮೊದಲು ಪರೀಕ್ಷೆ

ಮಧ್ಯರಾತ್ರಿ. ಮನೆಯವರೆಲ್ಲ ನಿದ್ದೆಯಲ್ಲಿದ್ದಾರೆ. ಪಕ್ಕದಲ್ಲಿ ಮಲಗಿರುವ ಮಗು ಮಾತ್ರ ಮೊಣಕೈ ಮಡಿಕೆಯನ್ನು ಪರಪರನೆ ಕೆರೆದುಕೊಳ್ಳುತ್ತಿದೆ. ಬೆಳಿಗ್ಗೆ ನೋಡಿದರೆ ಹೊದಿಕೆಯ ಮೇಲೆ ರಕ್ತದ ಕಲೆ. ಇಸುಬು, ಅಂದರೆ ಎಕ್ಸಿಮಾ ಇರುವ ಮಗುವಿನ ತಂದೆ ತಾಯಿಗೆ ಇದು ಹೊಸ ಅನುಭವವೇನಲ್ಲ.

ಇಂಥ ಮನೆಗೆ ಸಲಹೆಗಳಿಗೂ ಬರವಿಲ್ಲ. ‘ಬೋರ್‌ವೆಲ್ ನೀರು ಬಿಡಿ’ ಎನ್ನುತ್ತಾರೆ ಒಬ್ಬರು. ‘ಇಂಥ ಊರಿನಲ್ಲಿ ಸೊಪ್ಪಿನ ಮುಲಾಮು ಕೊಡುತ್ತಾರೆ, ನಮ್ಮ ಮಗನಿಗೆ ಎಂಟೇ ದಿನಕ್ಕೆ ವಾಸಿಯಾಯಿತು’ ಎನ್ನುತ್ತಾರೆ ಇನ್ನೊಬ್ಬರು. ‘ಹೊಸ ಇಂಜೆಕ್ಷನ್ ಬಂದಿದೆಯಂತೆ’ ಎಂಬುದು ಮತ್ತೊಬ್ಬರ ಮಾತು. ಇವರಾರೂ ಸುಳ್ಳು ಹೇಳುತ್ತಿಲ್ಲ. ಆದರೂ ಯಾರ ಮಾತನ್ನು ನಂಬಬೇಕು?

ತಾನೇ ಏರಿ ತಾನೇ ಇಳಿಯುವ ರೋಗ

ಇಸುಬು ಅಂಟುರೋಗವಲ್ಲ. ಚರ್ಮದ ಹೊರಪದರ ತೇವವನ್ನು ಹಿಡಿದಿಟ್ಟುಕೊಳ್ಳಲಾಗದೆ ಒಣಗುತ್ತದೆ. ಹೊರಗಿನ ವಸ್ತುಗಳು ಸುಲಭವಾಗಿ ಒಳನುಗ್ಗುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಅತಿಯಾಗಿ ಕೆರಳಿ ಉರಿಯೂತ ಉಂಟಾಗುತ್ತದೆ. ಚರ್ಮ ಕೆಂಪಾಗಿ, ನವೆಯೆದ್ದು, ಕೆರೆದಷ್ಟೂ ದಪ್ಪವಾಗುತ್ತದೆ.

ಈ ರೋಗದ ಒಂದು ಗುಣವನ್ನು ನೀವು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಇದು ಒಂದೇ ಸಮನಾಗಿ ಇರುವುದಿಲ್ಲ. ಕೆಲವು ವಾರ ಕೆರಳುತ್ತದೆ, ಕೆಲವು ವಾರ ತಣ್ಣಗಿರುತ್ತದೆ. ಎಷ್ಟೋ ಮಕ್ಕಳಲ್ಲಿ ಬೆಳೆಯುತ್ತಾ ತಾನಾಗಿಯೇ ಕಡಿಮೆಯಾಗುತ್ತದೆ. ನೀವು ಹೊಸ ಮದ್ದು ಹುಡುಕಿ ಹೊರಡುವುದು ರೋಗ ಮಿತಿಮೀರಿದಾಗ. ಅಲ್ಲಿಂದ ಮುಂದೆ ಅದು ಹೇಗೂ ಇಳಿಯುವ ಸಾಧ್ಯತೆಯೇ ಹೆಚ್ಚು. ಇಳಿದಾಗ ಕೀರ್ತಿ ಮಾತ್ರ ಆ ವಾರ ಹಚ್ಚಿದ ಮದ್ದಿಗೆ!

ಆದ್ದರಿಂದಲೇ ವೈದ್ಯರು ಹೊಸ ಔಷಧಿಯನ್ನು ಪರೀಕ್ಷಿಸುವಾಗ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ನಿಜವಾದ ಔಷಧಿ. ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಆದರೆ ಔಷಧಿಯ ಅಂಶವಿಲ್ಲದ ಹುಸಿಮದ್ದು, ಇಲ್ಲವೇ ಈಗಾಗಲೇ ಬಳಕೆಯಲ್ಲಿರುವ ಚಿಕಿತ್ಸೆ. ಸಾಧ್ಯವಾದಲ್ಲೆಲ್ಲ, ಯಾರಿಗೆ ಯಾವುದು ಸಿಕ್ಕಿದೆಯೆಂದು ರೋಗಿಗೂ ತಿಳಿಸುವುದಿಲ್ಲ, ಅಳೆಯುವ ವೈದ್ಯರಿಗೂ ತಿಳಿಸುವುದಿಲ್ಲ. ಚರ್ಮದ ಕೆಂಪು, ದಪ್ಪ, ಕೆರೆದ ಗಾಯ ಇವುಗಳಿಗೆ ಅಂಕ ಕೊಟ್ಟು, ಕೊನೆಯಲ್ಲಿ ಎರಡೂ ಗುಂಪುಗಳನ್ನು ಹೋಲಿಸುತ್ತಾರೆ.

ಗಡಸು ನೀರಿನ ಪಾಠ

ಇಂಗ್ಲೆಂಡಿನಲ್ಲಿ ನಡೆದ ಒಂದು ಪರೀಕ್ಷೆಯನ್ನು ನೋಡಿ. ಗಡಸು ನೀರಿನ ಪ್ರದೇಶಗಳ ಮಕ್ಕಳಲ್ಲಿ ಇಸುಬು ಹೆಚ್ಚೆಂದು ಅಲ್ಲಿ ಮೊದಲೇ ಕಂಡುಬಂದಿತ್ತು. ಹಾಗಾದರೆ ನೀರನ್ನು ಮೆದುಗೊಳಿಸಿದರೆ ರೋಗ ಇಳಿಯಬೇಕಲ್ಲವೇ? ಇಸುಬಿದ್ದ 336 ಮಕ್ಕಳನ್ನು ಆರಿಸಿ, ಅರ್ಧದಷ್ಟು ಮಕ್ಕಳ ಮನೆಯಲ್ಲಿ 12 ವಾರ ನೀರು ಮೆದುಗೊಳಿಸುವ ಯಂತ್ರ ಕೂರಿಸಿದರು. ಎಲ್ಲರೂ ಮಾಮೂಲಿ ಚಿಕಿತ್ಸೆಯನ್ನು ಮುಂದುವರಿಸಿದರು. ಚರ್ಮವನ್ನು ಅಳೆದ ದಾದಿಯರಿಗೆ ಯಾವ ಮನೆಯಲ್ಲಿ ಯಂತ್ರವಿದೆಯೆಂದು ತಿಳಿದಿರಲಿಲ್ಲ.

2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಯಂತ್ರವಿದ್ದ ಮನೆಯ ಮಕ್ಕಳಲ್ಲಿ ರೋಗದ ತೀವ್ರತೆ ಸುಮಾರು ಶೇ 20ರಷ್ಟು ಇಳಿದಿತ್ತು. ಯಂತ್ರವಿಲ್ಲದ ಮನೆಯ ಮಕ್ಕಳಲ್ಲಿ? ಸುಮಾರು ಶೇ 22ರಷ್ಟು! ಆದರೆ ಮನೆಯವರು ತಾವೇ ಕೊಟ್ಟ ಅಂಕಗಳಲ್ಲಿ ಯಂತ್ರದ ಕಡೆಗೇ ಸ್ವಲ್ಪ ಒಲವಿತ್ತು. ಯಂತ್ರ ಇರುವುದು ಅವರಿಗೆ ಗೊತ್ತಿತ್ತಲ್ಲ. ಆಸೆಗೂ ಕಣ್ಣಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಬೋರ್‌ವೆಲ್ ನೀರೇ ಗತಿಯಾಗಿರುವ ನಮ್ಮ ಊರುಗಳಲ್ಲಿ, ಮಗುವಿನ ಇಸುಬಿಗಾಗಿಯೇ ಸಾಲ ಮಾಡಿ ಇಂಥ ಯಂತ್ರ ಕೊಳ್ಳುವ ಮೊದಲು ಈ ಲೆಕ್ಕವನ್ನು ನೆನಪಿಸಿಕೊಳ್ಳಿ.

ಗೆದ್ದವುಗಳೂ ಇವೆ

ಪರೀಕ್ಷೆಯೆಂದರೆ ಮನೆಮದ್ದಿಗೆ ಶತ್ರುವಲ್ಲ. ಫಿಲಿಪ್ಪೀನ್ಸ್‌ನಲ್ಲಿ 117 ಮಕ್ಕಳ ಮೇಲೆ 8 ವಾರ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಸಿ ತೆಂಗಿನಕಾಯಿಯಿಂದ ತೆಗೆದ ಶುದ್ಧ ಎಣ್ಣೆ ಹಚ್ಚಿದವರಿಗೆ ಖನಿಜ ತೈಲ ಹಚ್ಚಿದವರಿಗಿಂತ ಹೆಚ್ಚು ಗುಣ ಕಂಡಿತು. ಅಧ್ಯಯನ ಚಿಕ್ಕದು, ರೋಗವೂ ತೀವ್ರವಾದುದಲ್ಲ. ಆದರೂ ಅಜ್ಜಿಯ ಮಾತಿಗೆ ಒಂದು ಅಂಕ ಸಿಕ್ಕಿತು.

‘ಹೊಸ ಇಂಜೆಕ್ಷನ್’ ಎಂದು ಕೇಳಿದಿರಲ್ಲ, ಅದರ ಹೆಸರು ಡುಪಿಲುಮಾಬ್. ಉರಿಯೂತವನ್ನು ಹಬ್ಬಿಸುವ ಎರಡು ಸಂದೇಶವಾಹಕ ಪ್ರೋಟೀನುಗಳನ್ನು ಇದು ತಡೆಯುತ್ತದೆ. ರೋಗ ಬಲವಾಗಿದ್ದ ವಯಸ್ಕರ ಮೇಲೆ ನಡೆದ ಎರಡು ದೊಡ್ಡ ಪರೀಕ್ಷೆಗಳ ಫಲ 2016ರಲ್ಲಿ ಹೊರಬಂತು. ಎರಡು ವಾರಕ್ಕೊಮ್ಮೆ ಔಷಧಿ ಪಡೆದವರಲ್ಲಿ 16 ವಾರಗಳ ಕೊನೆಗೆ ಚರ್ಮ ಪೂರ್ತಿ ಅಥವಾ ಬಹುಪಾಲು ತಿಳಿಯಾದವರು ಶೇ 38 ಮತ್ತು ಶೇ 36. ಹುಸಿಮದ್ದಿನ ಗುಂಪಿನಲ್ಲಿ ಶೇ 10 ಮತ್ತು ಶೇ 8. ಈ ಅಂತರವೇ ಔಷಧಿಯ ನಿಜವಾದ ಬಲ. ಅಮೆರಿಕದಲ್ಲಿ 2017ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಆದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮ ಅಷ್ಟು ತಿಳಿಯಾಗಲಿಲ್ಲ, ಕೆಲವರಿಗೆ ಕಣ್ಣು ಕೆಂಪಾಗುವ ತೊಂದರೆ ಬಂತು ಎಂಬುದನ್ನೂ ಅದೇ ಪರೀಕ್ಷೆಗಳು ತಿಳಿಸಿವೆ. ಬೆಲೆಯೂ ಬಹಳ ದುಬಾರಿ.

ಡಬ್ಬಿಯೊಳಗೆ ಅಡಗಿದ್ದದ್ದು

ಪರೀಕ್ಷೆಯನ್ನೇ ಕಾಣದ ಮುಲಾಮಿನ ಕಥೆ ಬೇರೆ. ಚರ್ಮದ ತೊಂದರೆಗಳಿಗೆಂದು ರೋಗಿಗಳು ಹಚ್ಚುತ್ತಿದ್ದ 11 ಬಗೆಯ ಚೀನೀ ಗಿಡಮೂಲಿಕೆ ಮುಲಾಮುಗಳನ್ನು ಲಂಡನ್ನಿನ ವೈದ್ಯರು ಪ್ರಯೋಗಾಲಯದಲ್ಲಿ ಪರಿಶೀಲಿಸಿ 1999ರಲ್ಲಿ ವರದಿ ಮಾಡಿದರು. ಅವುಗಳಲ್ಲಿ 8ರಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಬೆರೆತಿತ್ತು! ಎಂಟೇ ದಿನಕ್ಕೆ ವಾಸಿಯಾಗುವ ‘ಸೊಪ್ಪಿನ’ ಮುಲಾಮನ್ನು ನೀವೂ ಕೊಂಚ ಅನುಮಾನದಿಂದಲೇ ನೋಡಬೇಕು.

ಸ್ಟೀರಾಯ್ಡ್ ಮುಲಾಮು ವಿಷವೆಂದು ಇದರ ಅರ್ಥವಲ್ಲ. 1952ರಿಂದ ಬಳಕೆಯಲ್ಲಿರುವ ಅದು ಇಂದಿಗೂ ಇಸುಬಿನ ಮುಖ್ಯ ಔಷಧಿಯೇ. ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಸುರಕ್ಷಿತ. ಅಪಾಯವಿರುವುದು ಹೆಸರಿಲ್ಲದ ಡಬ್ಬಿಯಲ್ಲಿ, ಎಷ್ಟು ಬಲದ್ದೆಂದು ತಿಳಿಯದೆ ಮುಖಕ್ಕೆ ತಿಂಗಳುಗಟ್ಟಲೆ ಹಚ್ಚುವುದರಲ್ಲಿ. ಆಗ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ.

ನಿಮ್ಮನ್ನೇ ಕೇಳಿದರೆ?

ಹೊಸ ಔಷಧಿಯ ಪರೀಕ್ಷೆಗೆ ಸೇರುವಿರಾ ಎಂದು ಆಸ್ಪತ್ರೆಯಲ್ಲಿ ನಿಮ್ಮನ್ನು ಕೇಳಬಹುದು. ಗಾಬರಿ ಬೇಡ, ಕಣ್ಣುಮುಚ್ಚಿ ಸಹಿಯೂ ಬೇಡ. ಈ ಪ್ರಶ್ನೆಗಳನ್ನು ಕೇಳಿ:

* ಆಸ್ಪತ್ರೆಯ ನೀತಿ ಸಮಿತಿ ಒಪ್ಪಿದೆಯೇ? ಸರ್ಕಾರದ ಪರೀಕ್ಷಾ ದಾಖಲೆಯಲ್ಲಿ ನೋಂದಣಿಯಾಗಿದೆಯೇ? ನಮ್ಮ ದೇಶದಲ್ಲಿ 2009ರಿಂದ ಈ ನೋಂದಣಿ ಕಡ್ಡಾಯ.

* ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿದೆಯೇ? ಮನೆಗೆ ಒಯ್ದು ಓದಿ, ಆಮೇಲೆ ತೀರ್ಮಾನಿಸಿ.

* ಹುಸಿಮದ್ದು ಸಿಕ್ಕಿದರೆ ಮಗುವಿನ ಮಾಮೂಲಿ ಆರೈಕೆಯ ಗತಿಯೇನು? ರೋಗ ಕೆರಳಿದರೆ ಯಾವ ಔಷಧಿ ಕೊಡುತ್ತಾರೆ?

* ತೊಂದರೆಯಾದರೆ ಯಾರನ್ನು ಕಾಣಬೇಕು? ಪರೀಕ್ಷೆಯಿಂದಾದ ಹಾನಿಗೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ನಿಯಮಗಳು ಹೇಳುತ್ತವೆ.

ಮಧ್ಯದಲ್ಲಿ ಬಿಟ್ಟು ಬರುವ ಹಕ್ಕು ನಿಮಗೆ ಸದಾ ಉಂಟು. ಬಿಟ್ಟರೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ.

ಹೊಸ ಮದ್ದು ಬರುವಾಗ ಬರಲಿ. ಇಂದು ರಾತ್ರಿಗೆ ಬೇಕಾದದ್ದು ನಿಮ್ಮ ಕೈಯಲ್ಲೇ ಇದೆ: ಉಗುರುಬೆಚ್ಚನೆಯ ನೀರಿನಲ್ಲಿ ಬೇಗ ಮುಗಿಯುವ ಸ್ನಾನ, ಮೈ ಇನ್ನೂ ಹಸಿಯಿರುವಾಗಲೇ ಧಾರಾಳವಾಗಿ ತೇವಕಾರಕ ಮುಲಾಮು, ಚಿಕ್ಕದಾಗಿ ಕತ್ತರಿಸಿದ ಉಗುರು, ಸಡಿಲವಾದ ಹತ್ತಿಯ ಬಟ್ಟೆ. ಗಾಯದಲ್ಲಿ ಕೀವು ಕಂಡರೆ, ಜ್ವರ ಬಂದರೆ ಅಥವಾ ನೀರುಗುಳ್ಳೆಗಳು ಥಟ್ಟನೆ ಹರಡಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಇನ್ನು ಮುಂದೆ ಯಾರಾದರೂ ‘ನಮ್ಮ ಮಗನಿಗೆ ವಾಸಿಯಾಯಿತು’ ಎಂದರೆ ಸಂತೋಷಪಡಿ. ಜೊತೆಗೆ ಒಂದು ಮಾತು ಕೇಳಿ: ‘ಹಚ್ಚದೇ ಇದ್ದವರಿಗೆ ಏನಾಯಿತು?’